ಬೀರುವಿನಿಂದ ಹೊರಬಂದ ಮಹಾಪ್ರಬಂಧಗಳು

ಐದಾರು ವರ್ಷ ಬೆವರು ಸುರಿಸಿ ಬರೆದ ಪಿಎಚ್.ಡಿ. ಮಹಾಪ್ರಬಂಧದ ಪ್ರತಿಗಳು ಬೆರಳೆಣಿಕೆಯಷ್ಟು. ಮಾರ್ಗದರ್ಶಕರಿಗೊಂದು, ವಿಭಾಗಕ್ಕೊಂದು, ಗ್ರಂಥಾಲಯಕ್ಕೊಂದು. ಗಟ್ಟಿ ರಟ್ಟಿನ ಮೇಲೆ ಹೊಂಬಣ್ಣದ ಅಕ್ಷರ ಹೊತ್ತ ಆ ಗ್ರಂಥಾಲಯದ ಪ್ರತಿ ಬೀರು ಸೇರಿದರೆ ಮುಗಿಯಿತು. ಕಲಬುರಗಿಯ ಸಂಶೋಧನೆ ಮೈಸೂರಿನವರಿಗೆ ಬೇಕೆಂದರೆ ರೈಲು ಹತ್ತಬೇಕಿತ್ತು. ಹಾಗೊಂದು ಪ್ರಬಂಧ ಇದೆಯೆಂದೇ ತಿಳಿಯದೆ ಅದೇ ವಿಷಯ ಹಿಡಿದು ಕೂತವರೂ ಇದ್ದರು.

ಆ ಬೀರುಗಳ ಬೀಗ ತೆಗೆದದ್ದು ‘ಶೋಧಗಂಗಾ’. ಯುಜಿಸಿಯ ಅಂಗಸಂಸ್ಥೆಯಾದ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ಇವತ್ತು 5 ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ಓದಲು ದುಡ್ಡು ಕೊಡಬೇಕಿಲ್ಲ. ಪದವಿ ಕೊಟ್ಟ 30 ದಿನಗಳೊಳಗೆ ಪ್ರಬಂಧದ ಸಾಫ್ಟ್ ಕಾಪಿ ಒಪ್ಪಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಸರ್ವರ್, ನಿರ್ವಹಣೆ ಕೇಂದ್ರದ್ದು. ಒಡಂಬಡಿಕೆ ಮಾಡಿಕೊಂಡ ವಿಶ್ವವಿದ್ಯಾಲಯಗಳು ಪ್ರಬಂಧ ಏರಿಸುತ್ತವೆ. ಡಿಸ್ಪೇಸ್ ಎಂಬ ಉಚಿತ ತಂತ್ರಾಂಶದ ಮೇಲೆ ಇದೆಲ್ಲ ನಿಂತಿದೆ. ಕಂಪ್ಯೂಟರ್ ವಿಭಾಗವೇ ಇಲ್ಲದ ಸಣ್ಣ ವಿಶ್ವವಿದ್ಯಾಲಯಕ್ಕೂ ಇಲ್ಲಿ ಜಾಗ ಸಿಕ್ಕಿದ್ದು ಈ ಹಂಚಿಕೆಯಿಂದಲೇ. ಬಡ ದೇಶಗಳಿಗೆ ಹೊಂದುವ ದಾರಿ ಇದೇ ಎಂಬುದು ನನ್ನ ನಂಬಿಕೆ.

ಪ್ರಬಂಧವೊಂದನ್ನು ತೆರೆದರೆ ಮುಖಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ, ಗ್ರಂಥಋಣ ಎಲ್ಲಕ್ಕೂ ಬೇರೆ ಬೇರೆ ಪಿಡಿಎಫ್. ನೆಟ್‌ವರ್ಕ್ ಕೈಕೊಡುವ ಊರಿನ ವಿದ್ಯಾರ್ಥಿ ತನಗೆ ಬೇಕಾದ ಮೂರನೇ ಅಧ್ಯಾಯವನ್ನಷ್ಟೇ ಇಳಿಸಿಕೊಳ್ಳಬಹುದು.

ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಈ ಕನಸನ್ನು ಮೊದಲೇ ಕಂಡವರಲ್ಲಿ ನಮ್ಮ ಮೈಸೂರಿನವರಿದ್ದಾರೆ. ಪ್ರೊ. ಶಾಲಿನಿ ಅರಸ್ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾಲಯ 2000ದಲ್ಲೇ ‘ವಿದ್ಯಾನಿಧಿ’ ಎಂಬ ಪ್ರಬಂಧಗಳ ಡಿಜಿಟಲ್ ಗ್ರಂಥಾಲಯ ಕಟ್ಟಲು ಹೊರಟಿತ್ತು. ಭಾರತೀಯ ಭಾಷೆಗಳ ಪ್ರಬಂಧಗಳ ವಿವರ ಆಯಾ ಲಿಪಿಯಲ್ಲೇ ಸಿಗಬೇಕೆಂಬ ಹಂಬಲವೂ ಅದಕ್ಕಿತ್ತು.

ಎಲ್ಲರಿಗೂ ಕಾಣುವಂತೆ ಇಟ್ಟರೆ ಕದಿಯುವುದಿಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ. ಬೀರುವಿನಲ್ಲಿದ್ದ ಪ್ರಬಂಧದಿಂದ ಕದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ನನ್ನನ್ನು ಕಾಡುವ ಕೊರತೆ ಬೇರೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾದ ಕನ್ನಡ ಪ್ರಬಂಧ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆಡೆ ಅಂಟಿಸಿ, ಬರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಬರೀ ಸ್ಕ್ಯಾನ್ ಆದವುಗಳಲ್ಲಿ ಅದೂ ಇಲ್ಲ. ‘ವಚನ’ ಎಂದೋ ‘ಯಕ್ಷಗಾನ’ ಎಂದೋ ಹುಡುಕಿದರೆ ಶೀರ್ಷಿಕೆಯಲ್ಲಿದ್ದರೆ ಸಿಕ್ಕೀತು, ಒಳಪುಟದಲ್ಲಿದ್ದರೆ ಇಲ್ಲ. ಪ್ರಬಂಧವನ್ನು ಯೂನಿಕೋಡ್‌ನಲ್ಲೇ ಒಪ್ಪಿಸಬೇಕೆಂದು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಪಟ್ಟು ಹಿಡಿದರೆ ಮುಂದೆ ಬರುವ ಪ್ರಬಂಧಗಳಿಗಾದರೂ ಈ ತೊಡಕು ತಪ್ಪುತ್ತದೆ.