ಕಬ್ಬಿನ ಬಿಲ್ಲು ಮತ್ತು ಫಾರ್ಮ್ 26

ಗೋವಿಂದ ಕಾರಜೋಳ ಯಾರೆಂದು ಮುಧೋಳದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1994ರಲ್ಲಿ ಜನತಾದಳದಿಂದ ಗೆದ್ದರು, 1999ರಲ್ಲಿ ಸೋತರು, 2004ರಿಂದ ಸತತ ನಾಲ್ಕು ಸಲ ಬಿಜೆಪಿಯಿಂದ ಆರಿಸಿ ಬಂದರು, ಉಪಮುಖ್ಯಮಂತ್ರಿಯೂ ಆದರು. 2023ರ ಮೇ ತಿಂಗಳಲ್ಲಿ ಅದೇ ಮುಧೋಳ ಅವರನ್ನು ಕೈಬಿಟ್ಟು ಕಾಂಗ್ರೆಸ್ಸಿನ ಆರ್.ಬಿ. ತಿಮ್ಮಾಪುರ ಅವರನ್ನು ಗೆಲ್ಲಿಸಿತು. ಮರುವರ್ಷ ಲೋಕಸಭೆ ಚುನಾವಣೆ ಬಂತು. ಕಾರಜೋಳರು ನೂರಾರು ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಹೋಗಿ ನಿಂತು, ‘ಹೊರಗಿನವರು’ ಎಂಬ ಮಾತು ಕೇಳಿಸಿಕೊಂಡು, ಗೆದ್ದು ಸಂಸದರಾದರು.

ಮೂವತ್ತು ವರ್ಷ ನೋಡಿದವರು ಬೇಡವೆಂದರು. ಹತ್ತಿರದಿಂದ ನೋಡಿಯೇ ಇಲ್ಲದವರು ಬೇಕೆಂದರು. ಹಾಗಾದರೆ ಮತದಾರ ತಾನು ಬೆಂಬಲಿಸುವ ಅಭ್ಯರ್ಥಿಯನ್ನು ಎಷ್ಟು ತಿಳಿದಿರುತ್ತಾನೆ?

ಈ ಪ್ರಶ್ನೆ ಕೇಳಲು ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೇರುವ ತೇರದಾಳ, ಈ ನಾಲ್ಕು ಕ್ಷೇತ್ರಗಳಲ್ಲಿ ಅಭ್ಯರ್ಥಿಯೆಂದರೆ ಬರೀ ಪೋಸ್ಟರಿನ ಮುಖವಲ್ಲ. ಎಷ್ಟೋ ಕಡೆ ಅವನು ಸಕ್ಕರೆ ಕಾರ್ಖಾನೆಯ ಮಾಲೀಕ. ಬೀಳಗಿಯಲ್ಲಿ ಹಲವು ಬಾರಿ ನಿಂತ ಮುರುಗೇಶ ನಿರಾಣಿಯವರ ಹೆಸರನ್ನೇ ಹೊತ್ತ ಕಾರ್ಖಾನೆ ಮುಧೋಳದಲ್ಲಿದೆ. ಜಮಖಂಡಿಯ ಈಗಿನ ಶಾಸಕ ಜಗದೀಶ ಗುಡಗುಂಟಿಯವರು ಸಿದ್ದಾಪುರದ ಪ್ರಭುಲಿಂಗೇಶ್ವರ ಶುಗರ್ಸ್‌ನವರು. ಹಿರೇಪಡಸಲಗಿಯ ಜಮಖಂಡಿ ಶುಗರ್ಸ್ ಜೊತೆ ಸಿದ್ದು ನ್ಯಾಮಗೌಡರ ಹೆಸರು ಬೆಸೆದುಕೊಂಡಿತ್ತು. ಕಬ್ಬು ಬೆಳೆಯುವವನಿಗೆ ಇವರ ಬಗ್ಗೆ ಗೊತ್ತಿರುವುದು ಕರಪತ್ರ ಓದಿ ಅಲ್ಲ. ಕಟಾವಿಗೆ ಗ್ಯಾಂಗ್ ಯಾವಾಗ ಬಂತು, ಟ್ರ್ಯಾಕ್ಟರ್ ಪಾಳಿಯಲ್ಲಿ ಎಷ್ಟು ಹೊತ್ತು ನಿಂತಿತು, ತೂಕ ಸರಿಯಿತ್ತೇ, ಬಿಲ್ಲು ಎಷ್ಟು ದಿನಕ್ಕೆ ಜಮಾ ಆಯಿತು ಎಂಬುದರಿಂದ ಗೊತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮತದಾರನಿಗೆ ತನ್ನ ಶಾಸಕನ ಬಗ್ಗೆ ಇಷ್ಟು ಖಚಿತವಾದ ತಿಳಿವಳಿಕೆ ಇರಲಾರದು.

ಇಂಥ ತಿಳಿವಳಿಕೆ ಒಮ್ಮೆ ದೇಶವೇ ತಿರುಗಿ ನೋಡುವ ಫಲಿತಾಂಶವನ್ನೂ ಕೊಟ್ಟಿತು. ಕೃಷ್ಣಾ ನದಿ ಬೇಸಿಗೆಯಲ್ಲಿ ಬತ್ತಿ ಪಂಪ್‌ಸೆಟ್ಟುಗಳು ಕೆಲಸವಿಲ್ಲದೆ ಕೂರುತ್ತಿದ್ದ ಕಾಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ಸೀಮೆಯ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು, ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. ಎರಡು ವರ್ಷ ಕಳೆದು ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಬಂದು ನಿಂತಾಗ ಅವರೆದುರು ಕಾಂಗ್ರೆಸ್ಸಿನಿಂದ ನಿಂತವರು ಇದೇ ನ್ಯಾಮಗೌಡರು. ಹೆಗಡೆ ಸೋತರು. ಬ್ಯಾರೇಜ್ ಕಟ್ಟಿದವರು ಪಿ.ವಿ. ನರಸಿಂಹರಾವ್ ಸರ್ಕಾರದಲ್ಲಿ ಕಲ್ಲಿದ್ದಲು ಖಾತೆಯ ಮಂತ್ರಿಗಳಲ್ಲಿ ಒಬ್ಬರಾದರು.

ಆದರೆ ಈ ಕಥೆಯನ್ನು ಹೇಳುವವರು ಅರ್ಧವನ್ನು ನುಂಗಿಬಿಡುತ್ತಾರೆ. 1991 ರಾಜೀವ್ ಗಾಂಧಿ ಹತ್ಯೆಯಾದ ವರ್ಷ. ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿಗೆ ಬಂದಿದ್ದವು. ಬ್ಯಾರೇಜ್ ಎಷ್ಟು ಗೆಲ್ಲಿಸಿತು, ಗಾಳಿ ಎಷ್ಟು ಗೆಲ್ಲಿಸಿತು ಎಂದು ಬೇರ್ಪಡಿಸುವ ತಕ್ಕಡಿ ಯಾರ ಬಳಿಯೂ ಇಲ್ಲ.

ಜಮಖಂಡಿಯ ಮುಂದಿನ ಅಧ್ಯಾಯ ಇನ್ನೂ ತೊಡಕಿನದು. 2018ರ ಮೇನಲ್ಲಿ ನ್ಯಾಮಗೌಡರು ಬಿಜೆಪಿಯ ಶ್ರೀಕಾಂತ ಕುಲಕರ್ಣಿ ವಿರುದ್ಧ ಗೆದ್ದದ್ದು ಬರೀ 2,795 ಮತಗಳಿಂದ. ಅದೇ ತಿಂಗಳು ತುಳಸಿಗೇರಿ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನವೆಂಬರ್ ಉಪಚುನಾವಣೆಯಲ್ಲಿ ಮಗ ಆನಂದ ನ್ಯಾಮಗೌಡ ನಿಂತರು, ಎದುರಾಳಿ ಅದೇ ಕುಲಕರ್ಣಿ. ಅಂತರ 39,480ಕ್ಕೆ ಏರಿತು. ಆಗ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಸರ್ಕಾರ ನಡೆಸುತ್ತಿದ್ದವು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಆ ಆರು ತಿಂಗಳಲ್ಲಿ ಜನ ಮಗನ ಬಗ್ಗೆ ಹೊಸದಾಗಿ ಏನು ತಿಳಿದುಕೊಂಡಿದ್ದರು? ತಂದೆಯ ಋಣ ಗೊತ್ತಿತ್ತು, ಅಷ್ಟೇ ಸಾಕಾಯಿತು. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಬಂದಾಗ, ಬಾಗಲಕೋಟೆ ಜಿಲ್ಲೆಯ ಏಳರಲ್ಲಿ ಐದು ಅದರ ಪಾಲಾದಾಗ, ಜಮಖಂಡಿ ಗಾಳಿಗೆ ಎದುರಾಗಿ ತಿರುಗಿ ಆನಂದರನ್ನು ಸೋಲಿಸಿತು. ಅನುಕಂಪದಲ್ಲಿ ಮುಳುಗಿದವರು ಎಂದು ಈ ಮತದಾರರನ್ನು ಕರೆದವರು ಆಗ ಸುಮ್ಮನಾಗಬೇಕಾಯಿತು. ಜಿಲ್ಲೆಯಲ್ಲಿ ಹಾಗೆ ಗಾಳಿಗೆ ಬಾಗದ ಇನ್ನೊಂದು ಕ್ಷೇತ್ರ ತೇರದಾಳ.

ತೇರದಾಳದ್ದು ಬೇರೆಯೇ ಪಾಠ. 2008ರಲ್ಲಿ ಹುಟ್ಟಿದ ಈ ಕ್ಷೇತ್ರದಲ್ಲಿ ಪವರ್‌ಲೂಮ್ ಸದ್ದಿನ ರಬಕವಿ-ಬನಹಟ್ಟಿಯ ನೇಕಾರರ ಮತಕ್ಕೆ ತೂಕ ಹೆಚ್ಚು. ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ, ನೇಕಾರ ಸಮುದಾಯದವರೇ, ಮೊದಲ ಚುನಾವಣೆಯಲ್ಲೇ ಇಲ್ಲಿ ನಿಂತರು. ಅವರ ಮುಖ ಗೊತ್ತಿಲ್ಲದವರು ಯಾರಿದ್ದರು? ಆದರೂ ಸೋತರು, ಬಿಜೆಪಿಯ ಸಿದ್ದು ಸವದಿ ಗೆದ್ದರು. 2013ರಲ್ಲಿ ಉಮಾಶ್ರೀ ಗೆದ್ದು ಮಂತ್ರಿಯಾದರು, 2018ರಲ್ಲಿ ಮತ್ತೆ ಸವದಿ ಬಂದರು. 2023ರಲ್ಲಿ ಸವದಿಯವರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಸಿದ್ದು ಕೊಣ್ಣೂರ ಅವರನ್ನು. ಒಂದೇ ಮತಯಂತ್ರದಲ್ಲಿ ಇಬ್ಬರು ಸಿದ್ದು! ಹೆಸರುಗಳ ಇಂಥ ಗೊಂದಲ ದೇಶದ ತುಂಬ ಇದ್ದುದರಿಂದಲೇ ಚುನಾವಣಾ ಆಯೋಗ 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಅಂಟಿಸತೊಡಗಿತು.

ಬೀಳಗಿಯವರು ಇನ್ನೂ ಸರಳ ದಾರಿ ಹಿಡಿದಿದ್ದಾರೆ. 2004, 2008ರಲ್ಲಿ ನಿರಾಣಿ, 2013ರಲ್ಲಿ ಜೆ.ಟಿ. ಪಾಟೀಲ, 2018ರಲ್ಲಿ ನಿರಾಣಿ, 2023ರಲ್ಲಿ ಪಾಟೀಲ. ಇಬ್ಬರನ್ನೂ ಬಳಸಿ ನೋಡುವುದೇ ಅವರ ಪರೀಕ್ಷೆ.

ಮತದಾರ ಸಣ್ಣ ಸುಳಿವುಗಳಿಂದ ದೊಡ್ಡ ತೀರ್ಮಾನಕ್ಕೆ ಬರುತ್ತಾನೆ ಎಂದು ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಪ್‌ಕಿನ್ 1991ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅವರು ಕೊಟ್ಟ ಉದಾಹರಣೆ ಮಜವಾಗಿದೆ. 1976ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಪ್ರಚಾರಕ್ಕೆ ಹೋದಾಗ, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ಮೆಕ್ಸಿಕನ್ ತಿನಿಸು ಟಮಾಲೆಯನ್ನು ಸಿಪ್ಪೆ ಸಮೇತ ಕಚ್ಚಿದರು. ಇವನಿಗೆ ನಾವು ಗೊತ್ತಿಲ್ಲ ಎಂದು ಅಲ್ಲಿನ ಮೆಕ್ಸಿಕನ್ ಮೂಲದ ಮತದಾರರು ಅರ್ಥ ಮಾಡಿಕೊಳ್ಳಲು ಅಷ್ಟು ಸಾಕಿತ್ತು. ನಮ್ಮಲ್ಲಿ ಆ ಸುಳಿವುಗಳು ಬೇರೆ: ಫೋನ್ ಎತ್ತತಾನೇನು, ಮಣ್ಣಿಗೆ ಬಂದಿದ್ದನೇನು, ಮದುವಿಗೆ ಕರೆದರ ಬರತಾನೇನು. ಇವುಗಳನ್ನು ನೋಡಿ ನಗುವುದು ಸುಲಭ. ಆದರೆ ದವಾಖಾನೆಯಲ್ಲಿ ಬೆಡ್ ಸಿಗದ ರಾತ್ರಿ ಫೋನ್ ಎತ್ತುವವನು ಬೇಕೆಂದು ಬಯಸುವುದರಲ್ಲಿ ದಡ್ಡತನ ಏನೂ ಇಲ್ಲ.

ಕೊರತೆ ಇರುವುದು ಬೇರೆ ಕಡೆ. ಮನುಷ್ಯ ಪೂರ್ತಿ ಗೊತ್ತು, ಅವನು ಮಾಡಬೇಕಾದ ಕೆಲಸ ಗೊತ್ತಿಲ್ಲ. ಚರಂಡಿ ನಗರಸಭೆಯದು, ಆದರೂ ಬೈಗುಳ ಶಾಸಕನಿಗೆ. ಶಾಸಕನ ನಿಜವಾದ ಕೆಲಸದ ಜಾಗವಾದ ಸದನದಲ್ಲಿ ಅವನು ಎಷ್ಟು ದಿನ ಕೂತ, ಏನು ಕೇಳಿದ, ಯಾವ ಮಸೂದೆಗೆ ಕೈ ಎತ್ತಿದ ಎಂಬುದನ್ನು ಕೇಳುವವರು ವಿರಳ. ಬೀಳಗಿ ತಾಲ್ಲೂಕಿನ ಹಳ್ಳಿಗಳ ಪಾಲಿಗೆ ಆಲಮಟ್ಟಿ ಜಲಾಶಯವನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ವಿಷಯ ಬದುಕಿನ ಪ್ರಶ್ನೆ. ಅದರ ಬಗ್ಗೆ ಪ್ರಚಾರ ಸಭೆಯಲ್ಲಿ ಅಭ್ಯರ್ಥಿ ಮಾಡಿದ ಭಾಷಣ ಎಲ್ಲರಿಗೂ ನೆನಪಿರುತ್ತದೆ. ಗೆದ್ದ ಮೇಲೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಆಡಿದ್ದು ಅಥವಾ ಆಡದೆ ಉಳಿದದ್ದು ಊರಿಗೆ ತಲುಪುವುದೇ ಇಲ್ಲ.

ತಲುಪಿದರೆ ವ್ಯತ್ಯಾಸವಾಗುತ್ತದೆಯೇ? 2008ರ ದೆಹಲಿ ವಿಧಾನಸಭಾ ಚುನಾವಣೆಯ ಹೊತ್ತಿಗೆ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಕೊಳೆಗೇರಿಗಳ ಆಯ್ದ ಮತಗಟ್ಟೆಗಳ ಮನೆಗಳಿಗೆ ಶಾಸಕರ ‘ಅಂಕಪಟ್ಟಿ’ ಇದ್ದ ಪತ್ರಿಕೆ ಹಂಚಲಾಯಿತು. ಶಾಸಕರ ನಿಧಿ ಎಲ್ಲಿ ಖರ್ಚಾಯಿತು, ಸಮಿತಿ ಸಭೆಗೆ ಬಂದರೇ ಎಂಬ ವಿವರಗಳ ಜೊತೆ ಅಭ್ಯರ್ಥಿಗಳ ಆಸ್ತಿ, ವಿದ್ಯೆ, ಮೊಕದ್ದಮೆಗಳ ಮಾಹಿತಿಯೂ ಅದರಲ್ಲಿತ್ತು. ಪತ್ರಿಕೆ ಸಿಕ್ಕ ಕಡೆ ಮತದಾನ ಹೆಚ್ಚಿತು, ಚೆನ್ನಾಗಿ ಕೆಲಸ ಮಾಡಿದ ಶಾಸಕರಿಗೆ ಮತ ಹೆಚ್ಚಿತು, ಹಣ ಹಂಚಿಕೆ ಕಡಿಮೆಯಾಯಿತು.

ಈ ಮಾಹಿತಿಯ ಅರ್ಧ ಭಾಗ ಜಮಖಂಡಿಯಲ್ಲೂ ಪುಕ್ಕಟೆ ಸಿಗುತ್ತದೆ. ಸುಪ್ರೀಂ ಕೋರ್ಟಿನ 2002ರ ಮೇ ತೀರ್ಪು, ಅದನ್ನು ಮೊಟಕುಗೊಳಿಸಲು ತಂದ ತಿದ್ದುಪಡಿಯನ್ನು ತಳ್ಳಿಹಾಕಿದ 2003ರ ಮಾರ್ಚ್ ತೀರ್ಪು, ಇವೆರಡರ ಫಲವಾಗಿ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಫಾರ್ಮ್ 26 ಎಂಬ ಪ್ರಮಾಣಪತ್ರ ಕೊಡಲೇಬೇಕು. ಅದು ಚುನಾವಣಾಧಿಕಾರಿ ಕಚೇರಿಯ ಫಲಕದಲ್ಲೂ ಆಯೋಗದ ಜಾಲತಾಣದಲ್ಲೂ ಇರುತ್ತದೆ. 2018ರ ತೀರ್ಪಿನ ನಂತರ ಮೊಕದ್ದಮೆಗಳಿರುವ ಅಭ್ಯರ್ಥಿ ಅವುಗಳನ್ನು ಪತ್ರಿಕೆ, ಟಿವಿಗಳಲ್ಲಿ ಮೂರು ಸಲ ಪ್ರಕಟಿಸಬೇಕು. ಆ ಜಾಹೀರಾತುಗಳ ಅಕ್ಷರ ಓದಲು ಕನ್ನಡಕ ಸಾಲದು ಎನ್ನುವುದು ಬೇರೆ ಮಾತು. ಮಾಧ್ಯಮಗಳು ಪ್ರಮಾಣಪತ್ರದಿಂದ ಹೆಕ್ಕುವುದು ಒಟ್ಟು ಆಸ್ತಿ ಎಷ್ಟು ಕೋಟಿ, ಚಿನ್ನ ಎಷ್ಟು ತೊಲ ಎಂಬುದನ್ನು. ಕಬ್ಬಿನ ಸೀಮೆಯ ಓದುಗ ನೋಡಬೇಕಾದ ಪುಟಗಳು ಅದರ ಆಚೆ ಇವೆ: ಯಾವ ಯಾವ ಕಂಪನಿಗಳಲ್ಲಿ ಎಷ್ಟು ಷೇರು, ಯಾವ ಬ್ಯಾಂಕಿಗೆ ಎಷ್ಟು ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ ಇದೆಯೇ, ಸರ್ಕಾರದ ಜೊತೆ ಗುತ್ತಿಗೆ ಇದೆಯೇ, ಕಳೆದ ಐದು ವರ್ಷ ಆದಾಯ ತೆರಿಗೆಗೆ ತೋರಿಸಿದ ವರಮಾನ ಎಷ್ಟು. ಕಾರ್ಖಾನೆಯ ಬಿಲ್ಲನ್ನು ಪೈಸೆ ಬಿಡದೆ ತಾಳೆ ನೋಡುವ ರೈತನಿಗೆ ಈ ಕಾಲಂಗಳು ಕಷ್ಟವೇನಲ್ಲ.