ವಾರ್ಷಿಕ ಸಂಶೋಧನ ಸೂಚಿಯಲ್ಲಿ ಊರಿನ ಸ್ಥಾನ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳನ್ನು ಅನುಲಕ್ಷಿಸಿ

ವಿಶ್ವವಿದ್ಯಾಲಯವೊಂದು ಒಂದು ವರ್ಷದಲ್ಲಿ ಪದವಿ ನೀಡಿದ ಸಂಶೋಧನ ಪ್ರಬಂಧಗಳನ್ನೂ ಅದರ ಅಧ್ಯಾಪಕರು ಪ್ರಕಟಿಸಿದ ಗ್ರಂಥ, ಲೇಖನಗಳನ್ನೂ ಒಂದೆಡೆ ದಾಖಲಿಸುವ ಪಟ್ಟಿಯೇ ವಾರ್ಷಿಕ ಸಂಶೋಧನ ಸೂಚಿ. ಸಂಶೋಧಕರ ಹೆಸರು, ಶೀರ್ಷಿಕೆ, ಮಾರ್ಗದರ್ಶಕರ ಹೆಸರು, ವಿಭಾಗ, ವರ್ಷ - ಸಾಮಾನ್ಯವಾಗಿ ಈ ಐದು ವಿವರಗಳಿಗೆ ಅದು ಮುಗಿಯುತ್ತದೆ. ವಾರ್ಷಿಕ ವರದಿಗೆ ಇಷ್ಟು ಸಾಕು. ಆದರೆ ಹೊಸದಾಗಿ ವಿಷಯ ಆಯ್ದುಕೊಳ್ಳುವ ಸಂಶೋಧಕನು ಸೂಚಿಯ ಮುಂದೆ ಇಡುವ ಪ್ರಶ್ನೆಯೇ ಬೇರೆ: ಈ ಪ್ರದೇಶದ ಬಗ್ಗೆ ಈವರೆಗೆ ಏನು ಕೆಲಸ ನಡೆದಿದೆ? ಈ ಪ್ರಶ್ನೆಗೆ ಮೇಲಿನ ಐದು ವಿವರಗಳಲ್ಲಿ ಒಂದೂ ನೇರವಾಗಿ ಉತ್ತರಿಸುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯ ಮೂರು ತಾಲೂಕುಗಳನ್ನು ಇಟ್ಟುಕೊಂಡು ಈ ಕೊರತೆಯ ಸ್ವರೂಪವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಭಟ್ಕಳ, ಹೊನ್ನಾವರ, ಕುಮಟಾಗಳ ಪದವಿ ಕಾಲೇಜುಗಳು 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಬೆಳೆದವು. ಹಾಗೆಂದು ಈ ಪ್ರದೇಶದ ಅಧ್ಯಯನವೆಲ್ಲ ಧಾರವಾಡದಲ್ಲೇ ದೊರೆಯುತ್ತದೆ ಎನ್ನುವಂತಿಲ್ಲ. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಉನ್ನತ ವ್ಯಾಸಂಗದ ಹಾದಿಯೂ ಅತ್ತಲೇ ಇತ್ತು. ಆನಂತರ ಮೈಸೂರು, ಮಂಗಳೂರು, ಕುವೆಂಪು ಹಾಗೂ ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳು ಸಂಶೋಧಕರನ್ನು ಸೆಳೆದವು. ಒಂದೇ ವಿಶ್ವವಿದ್ಯಾಲಯದ ಸೂಚಿಯನ್ನು ನಂಬಿ ವಿಷಯ ನೋಂದಾಯಿಸಿದವರು ಮುಂದೆ ತೊಡಕಿಗೆ ಸಿಲುಕುವುದು ಈ ಕಾರಣದಿಂದ.

ವಿಭಾಗಗಳ ಗೋಡೆ ಇದಕ್ಕಿಂತಲೂ ಎತ್ತರದ್ದು. ಭಟ್ಕಳದ ನವಾಯತರ ಭಾಷೆ, ಸಂಸ್ಕೃತಿಗಳ ಬಗ್ಗೆ ಆಸಕ್ತಿ ತಳೆದ ಕನ್ನಡ ಸಂಶೋಧಕನು ಮೊದಲು ನೋಡಬೇಕಾದ ಗ್ರಂಥ ವಿಕ್ಟರ್ ಎಸ್. ಡಿಸೋಜ ಅವರ 'ದಿ ನವಾಯತ್ಸ್ ಆಫ್ ಕೆನರಾ'. ಅದು 1955ರಲ್ಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಿಂದಲೇ ಪ್ರಕಟವಾಯಿತು. ಆದರೆ ಅದರ ಭಾಷೆ ಇಂಗ್ಲಿಷ್, ಶಿಸ್ತು ಸಮಾಜಶಾಸ್ತ್ರ. ಶೀರ್ಷಿಕೆಯಲ್ಲಿ 'ಭಟ್ಕಳ' ಎಂಬ ಹೆಸರಿಲ್ಲ. ಕನ್ನಡ ವಿಭಾಗದ ಪಟ್ಟಿಯನ್ನಷ್ಟೇ ತಿರುವಿದವನಿಗೆ ಅದು ಎದುರಾಗುವ ಸಂಭವವೇ ಕಡಿಮೆ. ಇನ್ನೊಂದು ನಿದರ್ಶನ ಕುಮಟೆಯದು. ಅಲ್ಲಿನ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಎಂ.ಡಿ. ಸುಭಾಷ್‌ಚಂದ್ರನ್ ಅವರು ಉತ್ತರ ಕನ್ನಡದ ನಿತ್ಯಹರಿದ್ವರ್ಣ ಕಾಡಿನ ಸಸ್ಯವರ್ಗದ ಬದಲಾವಣೆಗಳನ್ನು ಕುರಿತು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದ್ದು 1993ರಲ್ಲಿ. 'ಕಾನು'ಗಳನ್ನು ಕುರಿತು ಮಾಧವ ಗಾಡ್ಗೀಳರೊಡನೆ ಅವರು ನಡೆಸಿದ ಅಧ್ಯಯನವೂ ಅದೇ ಕಾಲದ್ದು. ಕಾನು, ದೇವರಕಾಡು, ಬೆಟ್ಟ - ಇವು ಸಸ್ಯಶಾಸ್ತ್ರಕ್ಕೆ ಎಷ್ಟು ಸೇರಿವೆಯೋ ಕನ್ನಡ ನಿಘಂಟಿಗೂ ಜಾನಪದಕ್ಕೂ ಅಷ್ಟೇ ಸೇರಿವೆ. ವಿಭಾಗವಾರು ಸೂಚಿಯಲ್ಲಿ ಈ ನಂಟು ಕಾಣುವುದಿಲ್ಲ.

ಸ್ಥಳನಾಮದ ಪ್ರಶ್ನೆಗೆ ಬಂದರೆ ತೊಡಕು ಇನ್ನಷ್ಟು ಬೆಳೆಯುತ್ತದೆ. ಭಟ್ಕಳ, ಭಟಕಳ ಎಂಬ ಎರಡು ಬರವಣಿಗೆಗಳಿವೆ; ಪೋರ್ಚುಗೀಸ್ ಆಕರಗಳಲ್ಲಿ ಅದು ಬಟಿಕಲಾ. ಹೊನ್ನಾವರ ಅದೇ ಆಕರಗಳಲ್ಲಿ ಓನೋರ್. ಗೇರುಸೊಪ್ಪೆ, ಗೇರಸೊಪ್ಪಾ, ಗೇರುಸೊಪ್ಪ ಎಂದು ಬರೆಯುವವರು ಬೇರೆ ಬೇರೆ. ಭಟ್ಕಳ ತಾಲೂಕಿನ ಹಾಡುವಳ್ಳಿ ಸಾಹಿತ್ಯ ಚರಿತ್ರೆಯಲ್ಲಿ ಸಂಗೀತಪುರವೆಂದು ಪ್ರಸಿದ್ಧ. 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿದ ಭಟ್ಟಾಕಳಂಕನ ಗುರುಪರಂಪರೆ ಈ ಊರಿನದು. ಈ ವ್ಯಾಕರಣವನ್ನು ಕುರಿತ ಪ್ರಬಂಧವನ್ನು ಸೂಚಿಕಾರನು 'ವ್ಯಾಕರಣ' ಎಂಬ ಶೀರ್ಷಿಕೆಯಡಿ ಇಟ್ಟು ಮುಂದೆ ಸಾಗುತ್ತಾನೆ. ಹಾಡುವಳ್ಳಿಯ ಬಸದಿಗಳನ್ನೂ ಶಾಸನಗಳನ್ನೂ ಅಭ್ಯಸಿಸುವವನು ಬೇರೆ ಶೀರ್ಷಿಕೆಯಡಿ ಹುಡುಕುತ್ತಾನೆ. ಒಂದೇ ಊರಿನ ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ತರಬಲ್ಲದ್ದು 'ಹಾಡುವಳ್ಳಿ - ಸಂಗೀತಪುರ ಎಂಬಲ್ಲಿಯೂ ನೋಡಿ' ಎಂಬ ಒಂದು ಸಾಲಿನ ಅಡ್ಡ ಉಲ್ಲೇಖ ಮಾತ್ರ.

ವ್ಯಕ್ತಿನಾಮಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಎಚ್ಚರ ಬೇಕು. ಹೆಗಡೆ, ಹೆಗ್ಡೆ ಎಂಬುವನ್ನು ಅಕಾರಾದಿಯಲ್ಲಿ ಒಂದೆಡೆ ತರಬಹುದು. ಆದರೆ ನಾಯಕ, ನಾಯ್ಕ ಎಂಬುವು ಈ ಜಿಲ್ಲೆಯಲ್ಲಿ ಒಂದೇ ಹೆಸರಿನ ಎರಡು ಕಾಗುಣಿತಗಳಲ್ಲ. ಸಾಮಾನ್ಯವಾಗಿ ಬೇರೆ ಬೇರೆ ಸಮುದಾಯಗಳ ಕುಲನಾಮಗಳು. ಹೊರಗಿನ ಸೂಚಿಕಾರ ಇವನ್ನು 'ತಿದ್ದಿ' ಏಕರೂಪಗೊಳಿಸಿದರೆ ಇಬ್ಬರು ವಿದ್ವಾಂಸರು ಒಬ್ಬರಾಗಿಬಿಡುತ್ತಾರೆ.

ವರ್ಷದ ನಮೂದೂ ಅಷ್ಟು ಸರಳವಲ್ಲ. ಪ್ರಬಂಧ ಸಲ್ಲಿಸಿದ ವರ್ಷ, ಪದವಿ ಘೋಷಣೆಯ ವರ್ಷ, ಘಟಿಕೋತ್ಸವದ ವರ್ಷ ಮೂರೂ ಬೇರೆಯಾಗಿರಬಹುದು. ಗ್ರಂಥವಾಗಿ ಹೊರಬರುವುದು ಮತ್ತೂ ತಡವಾಗಿ. ಎಂ.ಎಂ. ಕಲಬುರ್ಗಿಯವರ 'ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ'ಕ್ಕೆ ಪದವಿ ದೊರೆತದ್ದು 1968ರಲ್ಲಿ, ಅದು ಪ್ರಕಟವಾದದ್ದು 1973ರಲ್ಲಿ. ಒಂದು ಸೂಚಿ ಮೊದಲನೆಯದನ್ನೂ ಮತ್ತೊಂದು ಎರಡನೆಯದನ್ನೂ ಹಿಡಿದರೆ ಒಂದೇ ಕೃತಿ ಎರಡಾಗಿ ಎಣಿಕೆಗೆ ಸೇರುತ್ತದೆ.

ಗ್ರಂಥಾಲಯದ ವರ್ಗಸಂಖ್ಯೆ ಈ ತೊಡಕನ್ನು ಬಿಡಿಸುತ್ತದೆಂದು ನಂಬುವವರಿದ್ದಾರೆ. ಯಕ್ಷಗಾನವನ್ನೇ ತೆಗೆದುಕೊಳ್ಳಬಹುದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಕುರಿತ ಪ್ರಬಂಧವೊಂದು ಡ್ಯೂಯಿ ಪದ್ಧತಿಯಲ್ಲಿ ರಂಗಕಲೆಯೆಂದು 792ಕ್ಕೂ, ಜಾನಪದವೆಂದು 398ಕ್ಕೂ, ಪ್ರಸಂಗ ಸಾಹಿತ್ಯದ ಚರ್ಚೆ ಹೆಚ್ಚಿದ್ದರೆ ಕನ್ನಡ ಸಾಹಿತ್ಯದ 894.814ಕ್ಕೂ ಹೋಗಬಹುದು. ಯಾವುದೂ ತಪ್ಪಲ್ಲ. ಆದರೆ ಪುಸ್ತಕ ನಿಲ್ಲುವುದು ಒಂದೇ ಕಪಾಟಿನಲ್ಲಿ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಅನುಬಂಧಗಳದ್ದು. ಕ್ಷೇತ್ರಕಾರ್ಯ ಆಧಾರಿತ ಪ್ರಬಂಧಗಳಲ್ಲಿ ವಿಶ್ಲೇಷಣೆಯ ಅಧ್ಯಾಯಗಳು ಕಾಲಕ್ರಮದಲ್ಲಿ ಹಳತಾಗುತ್ತವೆ. ಹಿಂದೆ ಜೋಡಿಸಿದ ಹಾಡು, ಗಾದೆ, ಕತೆ, ಶಬ್ದಪಟ್ಟಿ, ವಕ್ತೃಗಳ ವಿವರಗಳು ಹಳತಾಗುವುದಿಲ್ಲ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಹಾಗೂ ಶಾಂತಿ ನಾಯಕ ಅವರ ಸಂಗ್ರಹಗಳು ಗ್ರಂಥರೂಪ ಪಡೆದು ಉಳಿದವು. ಪದವಿಗಾಗಿ ಸಂಗ್ರಹಿಸಿದ ಸಾಮಗ್ರಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಹಾಲಕ್ಕಿ ಹಾಡುಗಳ ಭಂಡಾರವೆಂದೇ ಹೆಸರಾದ, 2017ರಲ್ಲಿ ಪದ್ಮಶ್ರೀ ಪಡೆದ, ನೆರೆಯ ಅಂಕೋಲಾ ತಾಲೂಕಿನ ಸುಕ್ರಿ ಬೊಮ್ಮಗೌಡ 2025ರಲ್ಲಿ ನಿಧನರಾದರು. ಅಂಥ ಹಾಡುಗಾರ್ತಿಯಿಂದ ಮೂವತ್ತು ನಲವತ್ತು ವರ್ಷಗಳ ಹಿಂದೆ ಬರೆದುಕೊಂಡ ಪಾಠವೊಂದು ಯಾವುದಾದರೂ ಪ್ರಬಂಧದ ಅನುಬಂಧದಲ್ಲಿದ್ದರೆ ಇಂದು ಅದನ್ನು ಮರಳಿ ಕೇಳಿ ಪಡೆಯುವಂತಿಲ್ಲ. ಅಲ್ಲಿದೆಯೆಂದು ಹೇಳಬೇಕಾದದ್ದು ಸೂಚಿ. ಅದು ಹೇಳುವುದು ಶೀರ್ಷಿಕೆಯನ್ನಷ್ಟೇ. ಎಂ.ಫಿಲ್. ಕಿರುಪ್ರಬಂಧಗಳ ಗತಿ ಇನ್ನೂ ಶೋಚನೀಯ. ಒಂದೂರಿನ ಜಾತ್ರೆ, ಒಂದು ಕೇರಿಯ ಮದುವೆ ಹಾಡು, ಒಂದು ಮೇಳದ ಇತಿಹಾಸ ಮೊದಲಾದ ಸಣ್ಣ ಹರಹಿನ ವಿಷಯಗಳಿಗೆ ಆ ಪದವಿ ಹೇಳಿ ಮಾಡಿಸಿದಂತಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿ ಆ ಪದವಿಯನ್ನೇ ಕೈಬಿಟ್ಟಿತು. ಇನ್ನು ಹೊಸತು ಸೇರದ ಆ ರಾಶಿಯನ್ನು ಪೂರ್ಣವಾಗಿ ಸೂಚಿಗೊಳಿಸುವುದು ಈಗಲೇ ಸಾಧ್ಯ. ಮಾರ್ಗದರ್ಶಕರು ನಿವೃತ್ತರಾಗಿ ಪ್ರತಿಗಳು ಚದುರಿದ ಮೇಲೆ ಅಲ್ಲ.

ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಆಯೋಗವು 2009ರಲ್ಲಿ ವಿಧಿಸಿದ ಮೇಲೆ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ' ಬಹುದೊಡ್ಡ ಅನುಕೂಲ ಒದಗಿಸಿದೆ. ಧಾರವಾಡಕ್ಕೆ ಬಸ್ಸು ಹತ್ತದೆ ಹೊನ್ನಾವರದಲ್ಲೇ ಕುಳಿತು ಪ್ರಬಂಧ ಓದಬಹುದಾಗಿದೆ. ಆದರೆ ಓದುವುದು ಬೇರೆ, ಹುಡುಕುವುದು ಬೇರೆ. ಟೈಪ್ ಮಾಡಿದ ಹಳೆಯ ಕನ್ನಡ ಪ್ರಬಂಧಗಳನ್ನು ಚಿತ್ರರೂಪದಲ್ಲಿ ಸೇರಿಸಿದಾಗ ಯಂತ್ರವು ಅಕ್ಷರವನ್ನು ಗುರುತಿಸುವುದಿಲ್ಲ. ನುಡಿ ಮೊದಲಾದ ತಂತ್ರಾಂಶಗಳ ಯೂನಿಕೋಡೇತರ ಅಕ್ಷರಗಳಲ್ಲಿ ಸಿದ್ಧವಾದವುಗಳದೂ ಇದೇ ಪಾಡು. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ನಮೂದಿಸಿದಾಗ ಮೇಲೆ ಹೇಳಿದ 'ಗೇರುಸೊಪ್ಪೆ'ಯ ಸಮಸ್ಯೆ ಅಲ್ಲಿ ಇಮ್ಮಡಿಯಾಗುತ್ತದೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಪ್ರಬಂಧ ಸಲ್ಲಿಸುವ ದಿನ ಸಂಶೋಧಕನಿಂದಲೇ ಒಂದು ಪುಟದ ವಿವರಪತ್ರ ಪಡೆದರೆ ಸಾಕು. ಕ್ಷೇತ್ರಕಾರ್ಯ ನಡೆದ ಊರು ಹಾಗೂ ತಾಲೂಕು, ಆ ಊರಿನ ಪರ್ಯಾಯ ಹೆಸರುಗಳು, ಅಧ್ಯಯನಕ್ಕೊಳಪಟ್ಟ ಸಮುದಾಯ, ಅನುಬಂಧದಲ್ಲಿರುವ ಸಾಮಗ್ರಿಯ ಬಗೆ ಹಾಗೂ ಪುಟಸಂಖ್ಯೆ, ಧ್ವನಿಮುದ್ರಣವಿದ್ದರೆ ಅದು ಯಾರ ಬಳಿ ಇದೆ ಎಂಬ ಮಾಹಿತಿ ಅದರಲ್ಲಿರಬೇಕು. ಸೂಚಿಕಾರನು ಪ್ರಬಂಧವನ್ನೆಲ್ಲ ಓದಿ ಊಹಿಸಬೇಕಾದ ಈ ಸಂಗತಿಗಳನ್ನು ಅದನ್ನು ಬರೆದವರು ಅರ್ಧ ಗಂಟೆಯಲ್ಲಿ ತುಂಬಬಲ್ಲರು. ಈಗಾಗಲೇ ಸಲ್ಲಿಕೆಯಾದ ಪ್ರಬಂಧಗಳ ವಿಷಯದಲ್ಲಿ ಆ ಹೊಣೆಯನ್ನು ಮೂರೂ ತಾಲೂಕುಗಳ ಕಾಲೇಜುಗಳ ಕನ್ನಡ ವಿಭಾಗಗಳು ಹಂಚಿಕೊಳ್ಳಬಹುದು. ಹಾಡುವಳ್ಳಿಯೂ ಸಂಗೀತಪುರವೂ ಒಂದೇ ಎಂಬುದು ಭಟ್ಕಳದ ಅಧ್ಯಾಪಕರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.