ಕಲ್ಲು ಬೀಳೂದಕ್ಕಿಂತ ಮೊದಲು

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅವ್ವ ಬೆರಳಿನಿಂದ ಬಡಿದು ನೋಡುತ್ತಾಳಲ್ಲ, ಗಣಿಯಲ್ಲೂ ಹಂಗೇ ಅಂತ ನಮ್ಮ ಕಾಕಾ ಹೇಳಿದರು. ರಾಯಚೂರು ಜಿಲ್ಲೆಯ ಹಟ್ಟಿಯಂಥ ಚಿನ್ನದ ಗಣಿಯಲ್ಲಿ ಕೆಲಸ ನೆಲದಡಿಗೆ. ತಲೆ ಮೇಲಿನ ಬಂಡೆಯನ್ನು ಕಬ್ಬಿಣದ ಹಾರಿಯಿಂದ ಬಡಿದು ಕೇಳಬೇಕು. ಖಣ್ ಎಂದರೆ ಗಟ್ಟಿ. ಬೊದ್ ಎಂದರೆ ಸಡಿಲ, ಅದನ್ನು ಕೆಡವಿಯೇ ಮುಂದಿನ ಕೆಲಸ.

ಆದರೆ ‘ಸಡಿಲ ಐತಿ’ ಅಂದರೆ ಕೆಲಸ ನಿಲ್ಲುತ್ತದೆ. ಕಾಕಾ ಮೊದಲು ದುಡಿದ ಒಂದು ಕಡೆ ಮೇಸ್ತ್ರಿ ‘ನಿಂದೇನ ರಗಳಿ’ ಅಂತ ಬೈದನಂತೆ. ಮರುದಿನದಿಂದ ಯಾರೂ ಬಾಯಿ ಬಿಡಲಿಲ್ಲ. ಇನ್ನೊಂದು ಕಡೆ ಸಾಹೇಬರು ಎಲ್ಲರೆದುರು ಹೆಸರು ಹಿಡಿದು ‘ಶಾಬಾಸ್, ನೀ ಹೇಳಿದ್ದಕ್ಕ ನಾಕು ಮಂದಿ ಉಳದ್ರು’ ಅಂದರು. ಆಮೇಲೆ ಹೊಸ ಹುಡುಗರೂ ತಾವಾಗಿಯೇ ಬಡಿದು ನೋಡತೊಡಗಿದರು.

ಕೇಂದ್ರ ಸರಕಾರ 1983ರಲ್ಲಿ ಗಣಿಗಳಿಗೆ ರಾಷ್ಟ್ರೀಯ ಸುರಕ್ಷತಾ ಪ್ರಶಸ್ತಿ ಆರಂಭಿಸಿತು. ಅದು ಅಪಘಾತ ಕಡಿಮೆಯಾದ ಗಣಿಗೆ. ಬರೇ ಲೆಕ್ಕಕ್ಕೆ ಬಹುಮಾನ ಇಟ್ಟರೆ ಸಣ್ಣ ಗಾಯ ಮುಚ್ಚಿಡುವವರೂ ಇರುತ್ತಾರೆ ಅಂತ ನನಗನಿಸುತ್ತದೆ. ಕಲ್ಲು ಬೀಳುವ ಮೊದಲೇ ಹೇಳಿದವನು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಅಲ್ಲಿ ಏನೂ ಆಗಿಯೇ ಇಲ್ಲವಲ್ಲ!

ಗಜೇಂದ್ರಗಡದ ಕಡೆ ಕಲ್ಲಿನ ಕ್ವಾರಿಗೆ ಹೋಗುವ ಅಣ್ಣಂದಿರು ನಿಮ್ಮ ಮನೆಯಲ್ಲಿದ್ದರೆ, ಅವರ ಮೇಸ್ತ್ರಿ ಏನಂತಾನೆ, ಕೇಳಿಕೊಂಡು ಬರ್ರಿ.